ಹಸಿರು ದೀಪದ ಹೆಡ್‌ಸೆಟ್ಟಿನ ಸನ್ನಿಧಿಗೆ ಕೆಂಪು ಸೊಸೆಯ ಮನವಿ

ಇವರಿಗೆ,
ಶ್ರೀಮಾನ್ ಹೆಡ್‌ಸೆಟ್ ಅವರು,
ಹಿಂದಿನ ಮೊಕ್ಕಾಂ: ನಮ್ಮ ಮಾವನವರ ತಲೆ.
ಈಗಿನ ಮೊಕ್ಕಾಂ: ಪಡಸಾಲೆಯ ಗೋಡೆಯ ಮಾಡ, ಸವಡಿ, ರೋಣ ತಾಲ್ಲೂಕು.

ಮಾನ್ಯರೇ,

ತಮ್ಮ ಎರಡೂ ಕಿವಿಬಟ್ಟಲುಗಳಿಗೆ, ಅವುಗಳ ಸುತ್ತ ಹರಿದಾಡುವ ಬಣ್ಣದ ದೀಪಗಳಿಗೆ, ನೆತ್ತಿಯ ಮೇಲೆ ಬಾಗಿ ನಿಲ್ಲುವ ತಮ್ಮ ಪಟ್ಟಿಗೆ, ಆ ಪಟ್ಟಿಗೆ ಅಂಟಿಸಿರುವ ನಮ್ಮ ಹಳೆಯ ಎತ್ತಿನ ಬೆನ್ನಿಗೆ ಹೊದಿಸುವ ಝೂಲದ ಕನ್ನಡಿ ಬಿಲ್ಲೆಗಳಿಗೆ, ಬೇರೆ ಬೇರೆಯಾಗಿ ಒಂದೊಂದು ಶರಣು. ತಾವು ಕ್ಷೇಮವಾಗಿದ್ದೀರೆಂದು ಮಾಡದಲ್ಲಿ ಕಾಣುತ್ತಿರುವ ಹಸಿರು ಬೆಳಕಿನಿಂದ ತಿಳಿದು ಸಂತೋಷವಾಯಿತು. ಈ ಮನೆಯಲ್ಲಿ ನಾವೂ ಕ್ಷೇಮವಾಗಿದ್ದೇವೆ. ತಾವು ತಲೆಯಿಂದ ಇಳಿದ ದಿನದಿಂದ ಇನ್ನೂ ತುಸು ಹೆಚ್ಚು ಕ್ಷೇಮವಾಗಿದ್ದೇವೆ.

ನಾನು ಯಾರೆಂದು ತಮಗೆ ಚೆನ್ನಾಗಿ ಗೊತ್ತು. ಆದರೆ ಇದು ಬಹಿರಂಗ ಪತ್ರವಾದ್ದರಿಂದ ಓದುವ ನಾಲ್ಕು ಜನರ ಸಲುವಾಗಿ ಹೇಳುತ್ತೇನೆ. ಸವಡಿಯ ಅಂದಾನೆಪ್ಪನವರ ಹಿರಿಯ ಸೊಸೆ ನಿರ್ಮಲಾ ನಾನೇ. ರೋಣದಲ್ಲಿ ಅಂಗಡಿಯಿಟ್ಟುಕೊಂಡು ಸುಟ್ಟುಹೋದ ಬೋರಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಶಶಿಕಾಂತ ಎಂಬವರು ನನ್ನ ಗಂಡ. ತಮ್ಮನ್ನು ಈ ಲೋಕಕ್ಕೆ ತಂದವರೂ ಅವರೇ ಆದ್ದರಿಂದ, ಸಂಬಂಧ ಹಿಡಿದು ನೋಡಿದರೆ ನಾನು ತಮಗೆ ತಾಯಿಯಾಗಬೇಕು. ಆದರೂ ತಾವು ಬಂದ ದಿನವೇ ಮನೆಯ ಹಿರಿಯರ ತಲೆಯೇರಿ ಕುಳಿತವರು. ತಮ್ಮನ್ನು ಏಕವಚನದಲ್ಲಿ ಕರೆಯುವ ಧೈರ್ಯ ನನಗಿಲ್ಲ. ಇದನ್ನೆಲ್ಲ ಬಾಯಿಂದಲೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಾನು ಬಾಯಿ ತೆರೆದರೆ ತಾವು ಕೆಂಪಾಗುತ್ತೀರಿ, ಮಾನ್ಯರೇ. ಕಾಗದದ ಮೇಲೆ ಎಷ್ಟು ಒದರಿದರೂ ತಮಗೆ ತಿಳಿಯಲಾರದು ಎಂಬ ನಂಬಿಕೆಯ ಮೇಲೆ ಪೆನ್ನು ಹಿಡಿದಿದ್ದೇನೆ.

ನನ್ನ ತಕರಾರು ಒಂದೇ. ತಾವು ತಮ್ಮ ಸಭ್ಯವಾದ ಹಸಿರು ಬೆಳಕಿನಲ್ಲಿ, ಬೆಳವಣಕಿ ದಾರಿಗಿರುವ ನಮ್ಮ ಎರೆಹೊಲವನ್ನು ಕಳೆದುಬಿಡುವುದರಲ್ಲಿದ್ದಿರಿ. ಆ ಹೊಲ ಎಂದರೆ ಏನೆಂದು ಮಾಡದಲ್ಲಿ ಕುಳಿತವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿಯೇ ನನ್ನ ಗಂಡ ತಂತಿಗೆ ಮನಸ್ಸು ಕೊಟ್ಟರು, ಮೈದುನ ಮುತ್ತಣ್ಣ ನರಗುಂದಕ್ಕೆ ಹೋಗಿ ಕಾಳಿನ ವ್ಯಾಪಾರ ಹಿಡಿದ. ಹೊಲಕ್ಕೆ ಉಳಿದವರು ಮಾವ ಮತ್ತು ನಾನು. ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಹಸಿ ನೋಡುವುದರಿಂದ ಹಿಡಿದು ಕಡಲೆಯ ಕುಡಿ ಚಿವುಟುವವರೆಗೆ ಎಲ್ಲವನ್ನೂ ಅವರೇ ಕಲಿಸಿದರು. ಅವರ ಕಿವಿ ಮಂದವಾಗುತ್ತ ಹೋದ ಹಾಗೆ ನನ್ನ ದನಿ ಏರುತ್ತ ಹೋಯಿತು. ಈ ಬದುವಿನಲ್ಲಿ ನಿಂತು ಆ ಬದುವಿನ ಕಿವುಡರನ್ನು ಊಟಕ್ಕೆ ಕರೆಯಬೇಕಾದ ಹೆಂಗಸು ಮೆಲುದನಿ ಇಟ್ಟುಕೊಂಡು ಮಾಡುವುದಾದರೂ ಏನು? ನನ್ನ ಈ ದನಿಯನ್ನು ಮಾಡಿದ್ದೇ ಆ ಹೊಲ. ಆ ಹೊಲ ಹೋದರೆ ನಾನು ಬರಿಯ ಒಲೆಯ ಮುಂದಿನವಳಾಗಿ ಉಳಿಯುತ್ತಿದ್ದೆ, ಮತ್ತು ಅದು ನನ್ನಿಂದ ಆಗುತ್ತಿರಲಿಲ್ಲ.

ಇನ್ನು ಮಾವನವರ ಸ್ವಭಾವ. ಅವರ ತಲೆಯ ಮೇಲೆ ಅಷ್ಟು ದಿನ ವಾಸವಾಗಿದ್ದರೂ ತಾವು ಗಮನಿಸದ ಒಂದು ಸಂಗತಿಯನ್ನು ತಿಳಿಸಬೇಕು. ಕಿವಿಗೆ ಬಿದ್ದ ಮಾತಿಗೆ ಅವರು ಹುಟ್ಟಿದಾಗಿನಿಂದ ಹೂಂ ಎಂದವರಲ್ಲ. ಮಾತು ಕೇಳಿಸಿತೆಂದರೆ ಮೊದಲು ‘ಯಾಕ?’ ಎನ್ನುತ್ತಾರೆ. ಉಣ್ಣಲು ಬನ್ನಿ ಎಂದರೂ ಯಾಕ, ಮಳೆ ಬಂತು ಎಂದರೂ ಯಾಕ, ಬೀಗರು ಬಂದಿದ್ದಾರೆ ಎಂದರೆ ಅವರ ಎದುರಿಗೇ ಯಾಕ. ಅದೇ ಮಾತು ಕಿವಿಗೆ ಬೀಳದಿದ್ದರೆ, ಎದುರಿನವರಿಗೆ ಬೇಸರವಾಗಬಾರದೆಂದು ಚಂದಾಗಿ ತಲೆಯಾಡಿಸಿ ‘ಹ್ಞೂ, ಆತ್ರೆಪಾ’ ಎಂದುಬಿಡುತ್ತಾರೆ. ಊರವರು ಇದನ್ನು ಹಿರಿಯರ ದೊಡ್ಡ ಮನಸ್ಸು ಎಂದು ತಿಳಿದಿದ್ದಾರೆ. ಗದಗಿನ ದವಾಖಾನೆಯಿಂದ ಒಮ್ಮೆ ಕಿವಿಯ ಯಂತ್ರ ತಂದುಕೊಟ್ಟಿದ್ದೆವು. ಕಿವಿಯೊಳಗೆ ಇರುವೆ ಹೊಕ್ಕ ಹಾಗಾಗುತ್ತದೆಂದು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡರು, ಅಂಗಿಯ ಜೊತೆಗೆ ಅದೂ ಒಗೆಸಿಕೊಂಡು, ಹಿಂಡಿಸಿಕೊಂಡು, ಹಗ್ಗದ ಮೇಲೆ ಒಣಗಿತು.

ತಮ್ಮ ಅವತಾರಕ್ಕೆ ಕಾರಣವಾದದ್ದು ಆ ಒಗೆತವೇ. ಮುತ್ತಣ್ಣನ ಮನೆಯಲ್ಲಿ ಮೊಬೈಲಿನ ಆಟಕ್ಕೆ ಬಳಸಿ ಮೂಲೆಗೆ ಎಸೆದಿದ್ದ ದಪ್ಪ ಹೆಡ್‌ಸೆಟ್ಟೊಂದನ್ನು ನಮ್ಮವರು ಎತ್ತಿಕೊಂಡು ಬಂದರು. ಅಪ್ಪನಿಗೆ ಕಿವಿ ಕೇಳಿಸುವ ಹಾಗೆ ನಾನೇ ಒಂದು ಯಂತ್ರ ಮಾಡುತ್ತೇನೆಂದು ಸಾರಿದರು. ವಿಡಿಯೊ ನೋಡಿ ಕಲಿತ ವಿದ್ಯೆ. ಹಾಳಾದ ಮೊಬೈಲಿನಿಂದ ಬ್ಯಾಟರಿ ಬಂತು, ಗಣೇಶನ ಮಂಟಪಕ್ಕೆ ಹಾಕಿ ತೆಗೆದಿದ್ದ ಬಣ್ಣದ ದೀಪದ ಪಟ್ಟಿ ಬಂತು, ಬೆರಳಿನಷ್ಟು ಅಗಲದ ಹಸಿರು ಸರ್ಕ್ಯೂಟ್ ಹಲಗೆಯೊಂದು ಅಂಚೆಯಲ್ಲಿ ಬಂತು. ನಾನು ರೊಟ್ಟಿ ಬಡಿಯುವ ಹಲಗೆಯ ಮೇಲೆ ತಮಗೆ ಬೆಸುಗೆ ಹಾಕಲಾಯಿತು. ತವರದ ಹನಿಗಳು ಇವತ್ತಿಗೂ ಅದರ ಮೇಲೆ ಗಟ್ಟಿಯಾಗಿ ಕೂತಿವೆ, ನಾನು ಅವುಗಳನ್ನು ತಪ್ಪಿಸಿ ರೊಟ್ಟಿ ತಿರುಗಿಸುತ್ತೇನೆ. ಗಿರಾಕಿಗಳ ಮೋಟಾರುಗಳು ಅಂಗಡಿಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರಲಾಗಿ, ನನ್ನ ಪತಿದೇವರು ತಮಗೆ ಟ್ರ್ಯಾಕ್ಟರಿನ ಬೆಳ್ಳಿ ಬಣ್ಣ ಹಚ್ಚಿದರು, ಅದು ಒಣಗಿದ ಮೇಲೆ ಎತ್ತಿನ ಝೂಲ ಬಿಚ್ಚಿ ಕನ್ನಡಿ ಬಿಲ್ಲೆ ಅಂಟಿಸಿದರು, ದೂರ ನಿಂತು ತಲೆ ಓರೆ ಮಾಡಿ ನೋಡಿದರು. ನಮ್ಮ ಮದುವೆಯಲ್ಲಿ ನನ್ನ ಮುಖವನ್ನೂ ಅವರು ಅಷ್ಟು ಹೊತ್ತು ನೋಡಿದ ನೆನಪು ನನಗಿಲ್ಲ.

ತಮ್ಮ ದೀಪಗಳ ಧರ್ಮವನ್ನು ಅವರೇ ನಮಗೆ ಬೋಧಿಸಿದರು. ಮಾತಾಡುವವರ ದನಿ ಎಷ್ಟು ಜೋರಿದೆಯೆಂದು ಅವರಿಗೇ ಕಾಣಬೇಕಂತೆ. ಹಸಿರು ಎಂದರೆ ಹದ, ಹಳದಿ ಎಂದರೆ ಜೋಕೆ, ಕೆಂಪು ಎಂದರೆ ಕಿವಿಗೆ ಅಪಾಯ. ಯಾವ ದನಿಗೆ ಯಾವ ಬಣ್ಣ ಎಂದು ಗೊತ್ತುಮಾಡಲು ಅವರು ಊರಿನ ಯಾವ ನರಪಿಳ್ಳೆಯನ್ನೂ ಮಾತಾಡಿಸಲಿಲ್ಲ. ವಿಡಿಯೊದ ಗುರುವಿನ ದನಿಯನ್ನೇ ತಮ್ಮ ಮೈಕಿಗೆ ಹಿಡಿದರು. ಆ ಗುರುಗಳು ಮಂಜು ಬೀಳುವ ಯಾವುದೋ ದೇಶದವರು, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ತೊಟ್ಟಿಲ ಪಕ್ಕದಲ್ಲಿ ಮಾತಾಡುವವರ ಹಾಗೆ ಮಾತಾಡುತ್ತಾರೆ. ಅವರ ಮಾತು ಹಸಿರಾಯಿತು, ಅವರ ನಗು ಹಳದಿಯಾಯಿತು, ಅವರು ಒಮ್ಮೆ ಸೀನಿದ್ದು ಕೆಂಪಾಯಿತು. ಹೀಗೆ ರೋಣ ತಾಲ್ಲೂಕಿನ ಸಜ್ಜನಿಕೆಯ ಅಳತೆಗೋಲು ಸಿದ್ಧವಾಯಿತು.

ಸಂಜೆಯ ಥಂಡಿ ಗಾಳಿ ಬೀಸುತ್ತಿದ್ದ ಹೊತ್ತಿನಲ್ಲಿ ತಮ್ಮ ಪಟ್ಟಾಭಿಷೇಕ ನಡೆಯಿತು. ಕಟ್ಟೆಯ ಮೇಲೆ ಕೂತಿದ್ದ ಮಾವನವರ ತಲೆಗೆ ತಮ್ಮನ್ನು ತೊಡಿಸಿ, ನಮ್ಮವರು ತಮ್ಮ ಗುಣಗಳನ್ನೆಲ್ಲ ಹಸಿರು ದನಿಯಲ್ಲಿ ವಿವರಿಸಿದರು. ಮಾವ ತಲೆಯಾಡಿಸಿ ‘ಹ್ಞೂ, ಆತ್ರೆಪಾ’ ಎಂದರು. ಅಲ್ಲಿಯೇ ನನಗೆ ಸಂಶಯ ಬಂತು. ಅವರು ಯಾಕ ಎಂದು ಕೇಳಲಿಲ್ಲವಲ್ಲ, ಕೇಳಿಸಿದೆಯೋ ಇಲ್ಲವೋ ಎಂದು ನಾನು ಗಂಡನಿಗೆ ಹೇಳಿದೆ. ದೀಪ ಹತ್ತಿದೆ ಎಂದ ಮೇಲೆ ಯಂತ್ರ ನಡೆಯುತ್ತಿದೆ ಎಂದೇ ಅರ್ಥ, ಕರೆಂಟಿನ ವಿಷಯ ನಿನಗೆ ತಿಳಿಯುವುದಿಲ್ಲ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಅಷ್ಟು ಹೇಳುವುದರೊಳಗೆ ನನ್ನ ದನಿಗೆ ತಾವು ಕೆಂಪಾಗಿದ್ದಿರಿ, ಕಟ್ಟೆಯ ಸುತ್ತ ನೆರೆದ ಮಂದಿ ನಕ್ಕಾಗಿತ್ತು.

ಎರಡನೆಯ ಬಲಿ ನಮ್ಮ ಓಣಿಯ ಬಳೆಗಾರ್ತಿ ಮಾಬೂಬಿ. ಬುಟ್ಟಿ ಇಳಿಸಿ, ಎಂದಿನಂತೆ ಇಡೀ ಓಣಿಗೆ ಕೇಳುವ ಹಾಗೆ ಕಾಕಾನ ಆರೋಗ್ಯ ವಿಚಾರಿಸಿದಳು. ತಾವು ಭಗ್ಗನೆ ಕೆಂಪಾದಿರಿ. ಪಾಪ, ಆಕೆ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಬಾಯಿಗೆ ಹಿಡಿದಳು.

‘ನಾ ಏನ್ ಜಗಳಕ್ಕ ಬಂದೇನೇನ್ರಿ ಕಾಕಾ, ಆರಾಮ ಅದೀರೇನು ಅಂತ ಕೇಳಿದೆ’ ಎಂದಳು.

ಮರುದಿನ ಆಕೆ ತುಟಿ ಮಾತ್ರ ಅಲ್ಲಾಡಿಸಿ ಮಾತಾಡಿದಳು. ತಾವು ಹಸಿರಾಗಿ ಹೊಳೆದಿರಿ, ಆಕೆಯ ಮುಖವೂ ಅರಳಿತು. ಆ ಮೇಲೆ ನಮ್ಮ ಓಣಿಗೆ ಹಿಡಿದ ಹುಚ್ಚನ್ನು ಏನೆಂದು ವರ್ಣಿಸಲಿ? ಇಲ್ಲಿಯವರು ಪ್ರೀತಿ ಹೆಚ್ಚಾದರೆ ಬೈಯುವವರು, ಕ್ಷೇಮ ಕೇಳುವಾಗ ಪಕ್ಕದ ಓಣಿಯ ನಾಯಿ ಎದ್ದು ಕೂರುವ ಹಾಗೆ ಕೇಳುವವರು. ಅಂಥವರೆಲ್ಲ ನಮ್ಮ ಕಟ್ಟೆಯ ಮುಂದೆ ಬಂದ ಕೂಡಲೇ ದೇವರ ಕೋಣೆ ಹೊಕ್ಕವರಂತೆ ಪಿಸುಗುಟ್ಟತೊಡಗಿದರು. ಹಾಲಿನವನು ಪಿಸುಗುಟ್ಟಿದ. ಹೊಲ ಹಂಚಿಕೊಳ್ಳುವ ಜಗಳಕ್ಕೆ ಮಾವನ ಬಳಿ ನ್ಯಾಯ ಕೇಳಲು ಬಂದ ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ಹಲ್ಲು ಕಡಿಯುತ್ತಲೇ ಪಿಸುಗುಟ್ಟಿದರು. ಇಬ್ಬರಿಗೂ ಮಾವ ಹ್ಞೂ ಎಂದರು, ಇಬ್ಬರೂ ಗೆದ್ದೆವೆಂದು ಹೋದರು. ನಿನ್ನೆ ತನಗೆ ಕೊನೆಯವರೆಗೂ ಹಸಿರೇ ಇತ್ತು ಎಂದು ಬಾವಿಯ ಹತ್ತಿರ ಹೆಂಗಸರು ಹೇಳಿಕೊಂಡು ತಿರುಗಿದರು. ಕಿವುಡರ ಮುಂದೆ ದನಿ ಇಳಿಸಿ ಮಾತಾಡುವುದನ್ನು ಒಂದು ಊರಿಗೆ ಊರೇ ಕಲಿಯಿತೆಂದರೆ, ಮಾನ್ಯರೇ, ತಮ್ಮ ಪ್ರಭಾವಕ್ಕೆ ಎಷ್ಟು ಹೂಮಾಲೆ ಹಾಕಿದರೂ ಕಡಿಮೆಯೇ. ಯಜಮಾನರು ಈಗ ಎಷ್ಟು ಶಾಂತವಾಗಿದ್ದಾರೆ, ಯಾರಿಗೂ ಎದುರು ಹೇಳುವುದಿಲ್ಲ ಎಂದು ಎಲ್ಲರೂ ನಮ್ಮವರ ಬೆನ್ನು ತಟ್ಟಿದರು.

ಕೆಂಪಾಗಿ ಉಳಿದವಳು ನಾನೊಬ್ಬಳೇ. ನಾನೂ ಪ್ರಯತ್ನ ಮಾಡಿದೆ, ಸುಳ್ಳು ಹೇಳುವುದಿಲ್ಲ. ಒಂದು ಸಲ ಹಸಿರಿನಲ್ಲಿಯೇ, ಕಡಲೆಗೆ ಹುಳ ಬಿದ್ದಿದೆ ಎಂದು ಹೇಳಿದೆ. ಮಾವ ಸಂತೋಷದಿಂದ ಆತ್ರೆವಾ ಎಂದರು. ಬೆಳೆಗೆ ಹುಳ ಬಿದ್ದದ್ದಕ್ಕೆ ಆತು ಎನ್ನುವ ರೈತ ಈ ಭೂಮಿಯ ಮೇಲೆ ಇಲ್ಲ. ಮತ್ತೆ ನನ್ನ ದನಿಯಲ್ಲಿ ಹೇಳಿದೆ. ಯಾಕ ಎಂದು ಕೇಳಿ, ಎದ್ದು, ಚಪ್ಪಲಿ ಮೆಟ್ಟಿ ಹೊಲಕ್ಕೆ ಹೊರಟರು. ಆದರೆ ಅಷ್ಟರಲ್ಲಿ ತಾವು ಓಣಿಗೆಲ್ಲ ಕಾಣುವ ಹಾಗೆ ಕೆಂಪು ಸುರಿದಿದ್ದಿರಿ. ಹಿರಿಯ ಸೊಸೆ ಮಾವನನ್ನು ಗದರಿಸುತ್ತಾಳೆಂದು ಊರಿನವರು ಮೊದಲು ಸಂಶಯ ಪಡುತ್ತಿದ್ದರು, ಈಗ ದೀಪದ ಸಾಕ್ಷಿ ಸಿಕ್ಕಿತು. ನನ್ನ ಗಂಡನೂ ನಗುತ್ತ, ನಿನ್ನದು ಮೊದಲಿನಿಂದಲೂ ಕೆಂಪೇ, ಈಗ ಯಂತ್ರ ಹೇಳಿತು ಅಷ್ಟೇ ಎಂದರು. ಆ ಮಾತು ನನಗೆ ನಾಟಿತು. ಎಷ್ಟು ನಾಟಿತೆಂದರೆ, ಆ ದಿನ ಅವರ ಸಾರಿಗೆ ಉಪ್ಪು ಹಾಕಲಿಲ್ಲ.

ಇಂಥ ದಿನಗಳಲ್ಲಿ ಮುತ್ತಣ್ಣ ಗುರುಪಾದನನ್ನು ಕರೆದುಕೊಂಡು ಬಂದ. ಗುರುಪಾದ ಗಜೇಂದ್ರಗಡದವನು; ಅಲ್ಲಿಯ ಗುಡ್ಡದ ಮೇಲೆ ಗಾಳಿಗೆ ತಿರುಗುವ ದೊಡ್ಡ ಫ್ಯಾನುಗಳನ್ನು ತೋರಿಸಿ, ಅಂಥವನ್ನು ನೆಡುವ ಒಂದು ಕಂಪನಿಗೆ ಊರೂರಿನ ಹೊಲ ಹಿಡಿದುಕೊಡುವುದು ಅವನ ಉದ್ಯೋಗ. ನಮ್ಮ ಎರೆಹೊಲವನ್ನು ಒಂದು ತಲೆಮಾರಿನ ಕಾಲ ಗುತ್ತಿಗೆಗೆ ಬರೆದುಕೊಟ್ಟರೆ ಮನೆಯಲ್ಲಿ ಕೂತು ಉಣ್ಣಬಹುದು ಎಂಬುದು ಮುತ್ತಣ್ಣನ ಲೆಕ್ಕ. ನಮ್ಮವರಿಗೂ ಅದರಲ್ಲಿ ಅರ್ಧ ಮನಸ್ಸಿತ್ತು, ಉಳಿದ ಅರ್ಧ ತಮ್ಮ ಮೇಲಿತ್ತು. ಮೊದಲ ಸಲ ಬಂದಾಗ ಗುರುಪಾದ ದಲಾಲಿಯ ಗಟ್ಟಿದನಿಯಲ್ಲಿ ನಮಸ್ಕಾರ ಹೇಳಿ ಕೆಂಪಾಗಿದ್ದ, ಅಷ್ಟಕ್ಕೇ ಹೆದರಿ ವಿಷಯ ಎತ್ತದೆ ಚಹಾ ಕುಡಿದು ಹೋಗಿದ್ದ. ಜಾಣ ಮನುಷ್ಯ. ಎರಡನೆಯ ಸಲ ಬರುವಾಗ ಓಣಿಯ ವಿದ್ಯೆಯನ್ನೆಲ್ಲ ಕಲಿತುಕೊಂಡೇ ಬಂದ.

ನಮ್ಮ ಕಡೆಯ ಒಂದು ಪದ್ಧತಿಯನ್ನು ತಾವು ತಿಳಿದಿರಬೇಕು. ಹೊಲದ ಮಾತಾಗಲಿ ಲಗ್ನದ ಮಾತಾಗಲಿ, ಕಾಗದ ಆಮೇಲೆ. ಮೊದಲು ಹಿರಿಯರ ಕೈಗೆ ಎಲೆ ಅಡಿಕೆ. ಹಿರಿಯರು ಅದನ್ನು ಮುಷ್ಟಿಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿದರೆಂದರೆ ಮಾತು ಮುಗಿಯಿತು. ಹಾಗೆ ಹಣೆಗೆ ಮುಟ್ಟಿಸಿದ ಮಾತನ್ನು ನಮ್ಮ ಮಾವ ಎಂದೂ ಹಿಂದೆ ತೆಗೆದುಕೊಂಡವರಲ್ಲ, ಅದರಿಂದ ನಷ್ಟವಾದಾಗಲೂ ಇಲ್ಲ. ಇದು ಮುತ್ತಣ್ಣನಿಗೆ ಗೊತ್ತಿತ್ತು, ಅವನು ಗುರುಪಾದನಿಗೂ ಹೇಳಿಕೊಟ್ಟಿದ್ದ.

ಪಡಸಾಲೆಯಲ್ಲಿ ಕಂಬಳಿ ಹಾಸಿ ಎಲ್ಲರೂ ಕೂತರು. ಗುರುಪಾದ ಮಾವನ ಕಿವಿಗೆ, ಕ್ಷಮಿಸಬೇಕು, ತಮಗೆ ಎದುರಾಗಿ ಕೂತು, ವಿಷಯವನ್ನೆಲ್ಲ ಬೆಣ್ಣೆಯಂಥ ದನಿಯಲ್ಲಿ ಹೇಳತೊಡಗಿದ. ತಾವು ಒಮ್ಮೆಯೂ ಹಳದಿಯಾಗಲಿಲ್ಲ. ಅವನು ಏನು ಹೇಳಿದನೆಂದು ಪಕ್ಕದಲ್ಲಿ ಕೂತ ನಮ್ಮವರಿಗೂ ಮುತ್ತಣ್ಣನಿಗೂ ಕೇಳಿಸಲಿಲ್ಲ. ಅವರಿಬ್ಬರೂ ಮಾತು ಕೇಳುವುದನ್ನು ಬಿಟ್ಟು ದೀಪವನ್ನೇ ನೋಡುತ್ತಿದ್ದರು, ಹಸಿರಿದೆಯೋ ಇಲ್ಲವೋ ಎಂದು. ಮಾವ ಪ್ರತಿ ಮಾತಿಗೂ ನಗುಮುಖದಿಂದ ತಲೆಯಾಡಿಸಿದರು. ಹ್ಞೂ. ಆತ್ರೆಪಾ. ಚಲೋ ಆತು. ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಆ ಮನುಷ್ಯ ತನ್ನ ಎರೆಹೊಲದ ಮಾತಿಗೆ ಒಂದು ಯಾಕ ಇಲ್ಲದೆ ಹ್ಞೂ ಅನ್ನುತ್ತಿದ್ದಾರೆಂದರೆ ಅವರಿಗೆ ಒಂದಕ್ಷರವೂ ಕೇಳಿಸಿಲ್ಲ ಎಂದು ಆ ಪಡಸಾಲೆಯಲ್ಲಿ ತಿಳಿದವಳು ನಾನೊಬ್ಬಳೇ. ಬಂದವರ ಮುಂದೆ ಸೊಸೆ ಹೊರಗೆ ಬಂದು ಮಾತಾಡುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಮುತ್ತಣ್ಣ ತಟ್ಟೆ ಸರಿಸಿದ, ಗುರುಪಾದ ಎಲೆ ಅಡಿಕೆಯನ್ನು ಎರಡೂ ಕೈಯಿಂದ ಎತ್ತಿ ಮಾವನ ಅಂಗೈಯಲ್ಲಿಟ್ಟ, ಮಾವ ಮುಷ್ಟಿ ಮಾಡಿ ಅದನ್ನು ಹಣೆಯ ಕಡೆಗೆ ಎತ್ತಿದರು.

ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ, ಬದುವಿನ ಮೇಲೆ ನಿಂತ ಹಾಗೆ ನಿಂತೆ, ಒದರಿದೆ.

‘ಮಾವಾರ, ಎರಿ ಹೊಲಾ ಕೇಳಾಕ ಬಂದಾರ್ರಿ. ಫ್ಯಾನ್ ನೆಡತಾರಂತ್ರಿ.’

ತಾವು ಅಂದು ಆದ ಕೆಂಪನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎರಡೂ ಬಟ್ಟಲು ಒಟ್ಟಿಗೆ ಹೊತ್ತಿಕೊಂಡವು, ಝೂಲದ ಕನ್ನಡಿಗಳಿಂದ ಸಿಡಿದ ಕೆಂಪು ಗೋಡೆಯ ಮೇಲೆ, ತೊಲೆಯ ಮೇಲೆ, ಗುರುಪಾದನ ಬಿಳಿ ಅಂಗಿಯ ಮೇಲೆ ಓಡಾಡಿತು. ಮಾವನ ಮುಷ್ಟಿ ಅರ್ಧದಲ್ಲಿಯೇ ನಿಂತಿತು. ಅವರು ನನ್ನ ಕಡೆಗೆ ನೋಡಿದರು, ಆಮೇಲೆ ಗುರುಪಾದನ ಕಡೆಗೆ ತಿರುಗಿದರು.

‘ಯಾಕ?’ ಎಂದರು.

ಅಷ್ಟು ಹ್ಞೂಗಳ ಮೇಲೆ ಆ ಪಡಸಾಲೆಯಲ್ಲಿ ಹುಟ್ಟಿದ ಮೊದಲ ಯಾಕ ಅದು, ನನಗೆ ಹೋದ ಜೀವ ಬಂತು. ಗುರುಪಾದ ಮೊದಲು ಹಸಿರಿನಲ್ಲಿ ಉತ್ತರ ಕೊಟ್ಟ, ಕೇಳಿಸದು ಜೋರಾಗಿ ಹೇಳು ಎಂದು ಮಾವ ಕೈ ಮಾಡಿದರು. ಹಳದಿಯಲ್ಲಿ ಹೇಳಿದ, ಮತ್ತೆ ಕೈ ಮಾಡಿದರು. ಕೊನೆಗೆ ಬೇರೆ ದಾರಿಯಿಲ್ಲದೆ ಅವನೂ ಕಂಠ ಬಿಚ್ಚಿದ. ಇಷ್ಟು ಹೊತ್ತು ಬೆಣ್ಣೆಯೊಳಗೆ ಅಡಗಿಸಿಟ್ಟಿದ್ದ ಮಾತುಗಳು ಒಂದೊಂದಾಗಿ ಕೆಂಪಾಗಿ ಹೊರಬಿದ್ದವು. ಕಂಬವೊಂದೇ ಅಲ್ಲ, ಲಾರಿ ಬರಲು ಹೊಲದ ನಡುವೆ ರಸ್ತೆ. ರಸ್ತೆಯ ಬದಿಗೆ ಭೂಮಿಯೊಳಗೆ ತಂತಿ. ತಂತಿ ಹೋದ ಕಡೆ ಕೂರಿಗೆ ಹೂಡುವ ಹಾಗಿಲ್ಲ. ಉಳಿದ ಕಡೆ ಎತ್ತು ಹೂಡಬೇಕಾದರೂ ಕಂಪನಿಯವರನ್ನು ಕೇಳಬೇಕು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ಕೇಳಿದರು. ಮುತ್ತಣ್ಣನೂ ಬಾಯಿ ಬಿಟ್ಟುಕೊಂಡು ಕೇಳಿದ, ಏಕೆಂದರೆ ಅವನಿಗೂ ಇದು ಹೊಸದೇ.

ಮಾವ ಎಲೆ ಅಡಿಕೆಯನ್ನು ತಟ್ಟೆಗೆ ಮರಳಿ ಇಟ್ಟರು. ಹಣೆಗೆ ಮುಟ್ಟಿಸದ ಎಲೆಗೆ ಋಣವಿಲ್ಲ.

‘ಲಗ್ನಕ್ಕ ಕರ್ಯಾಕ ಬಂದೀಯೇನೋ ಅಂತ ತಿಳದಿದ್ನೆಪಾ’ ಎಂದರು. ‘ಹೊಲದ ಮಾತು ಬ್ಯಾಡ. ಲಗ್ನಿದ್ದರ ಹೇಳು, ಬರ್ತೀನಿ.’

ಗುರುಪಾದ ಹೋದ ಮೇಲೆ ಮುತ್ತಣ್ಣ ನನ್ನ ಮೇಲೆ ಹರಿಹಾಯ್ದ. ಹೊಲದ ಕರಾರಿಗೆ ಅವನೂ ಬೆಚ್ಚಿದ್ದ, ಆದರೆ ಬೆಚ್ಚಿದ್ದನ್ನು ಒಪ್ಪುವುದಕ್ಕಿಂತ ವೈನಿಯನ್ನು ಬೈಯುವುದು ಸುಲಭ. ಮಂದಿಯ ಮುಂದೆ ಮನೆಯ ಮಾನ ಕಳೆದಿರೆಂದ, ದೀಪದ ಕಡೆ ನೋಡಿ ನಿಮಗೇ ತಿಳಿಯುತ್ತದೆಂದು ಕೈ ತೋರಿಸಿದ. ಸಿಟ್ಟಿನಲ್ಲಿ ಅವನೂ ಕೆಂಪಾಗಿದ್ದ, ಅದು ಅವನಿಗೆ ಕಾಣಲಿಲ್ಲ. ನನ್ನ ಗಂಡ ದೀಪವನ್ನೇ ನೋಡುತ್ತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು, ಮಾನ್ಯರೇ. ಹೊಲ ಉಳಿದ ಸಂತೋಷಕ್ಕೆ ಬಂದ ನೀರಲ್ಲ ಅದು. ಇಷ್ಟು ವರ್ಷ ಒಬ್ಬ ಮುದುಕರಿಗೆ ಲೋಕವನ್ನು ಕೇಳಿಸುತ್ತ ಬಂದ ನನ್ನ ಕಂಠ, ಅಂಚೆಯಲ್ಲಿ ಬಂದ ಹಲಗೆಯೊಂದರ ಮುಂದೆ ಅಪರಾಧಿಯಾಗಿ ನಿಂತಿತಲ್ಲ ಎಂಬ ಸಂಕಟದ ನೀರು.

‘ಯಾವ ದೀಪಾ?’ ಎಂದು ಮಾವ ಕೇಳಿದರು.

ಆಗ ನಮಗೆಲ್ಲರಿಗೂ ಒಟ್ಟಿಗೆ ಹೊಳೆಯಿತು: ದೀಪಗಳಿರುವುದು ಬಟ್ಟಲಿನ ಹೊರಗೆ, ಹೊತ್ತವರಿಗೆ ಅವು ಕಾಣುವ ಹಾಗೇ ಇಲ್ಲ, ಗೋಡೆಯ ಮೇಲೆ ಓಡಿದ ಬೆಳಕು ಅವರ ತಲೆಯಿಂದಲೇ ಹೊರಟಿತೆಂದು ತಿಳಿಯುವ ಹಾಗೂ ಇಲ್ಲ. ತಾವು ಅವರ ತಲೆಯ ಮೇಲೆ ಕೂತು ಊರಿಗೆಲ್ಲ ನೀತಿ ಬೋಧಿಸುತ್ತಿದ್ದುದು ಅವರೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವರಿಗೆ ಕೇಳುವ ದನಿಯಲ್ಲಿ ಅದನ್ನು ಹೇಳಿದವರೇ ಇರಲಿಲ್ಲ. ಮಾವ ತಮ್ಮನ್ನು ತಲೆಯಿಂದ ಕಿತ್ತು, ತೊಡೆಯ ಮೇಲಿಟ್ಟು, ತಿರುಗಿಸಿ ನೋಡಿದರು. ಹಸಿರು ಬೆಳಕು ಅವರ ಬೆರಳುಗಳ ಮೇಲೆ ಬಿತ್ತು.

‘ಕಿವೀಗೆ ಥಂಡಿ ಬಡೀಬಾರದಂತ ಮಾಡ್ಯಾನ ಅಂತ ತಿಳದಿದ್ದೆ’ ಎಂದರು. ತಮ್ಮನ್ನು ಇನ್ನೊಮ್ಮೆ ತಿರುಗಿಸಿ ಹೇಳಿದರು: ‘ಇಷ್ಟ ದಿನ ಮಂದಿ ಬರೇ ಬಾಯಿ ಅಲ್ಲಾಡಸ್ತಿದ್ರು. ಕಿವಿ ಪೂರಾ ಹೋದೂ ಅಂತ ಹೆದರಿದ್ದೆ. ನಿರ್ಮಲವ್ವನ ಮಾತೊಂದು ಕೇಳತಿತ್ತು. ಅದರ ಮ್ಯಾಲ ಇದ್ದೆ.’

ಈ ಮಾತು ಕೇಳಿ ನನ್ನ ಗಂಡನಿಗೆ ಯಂತ್ರದ ಮರ್ಯಾದೆ ಉಳಿಸುವ ಆವೇಶ ಬಂತು. ಅಲ್ಲಿಯೇ ತಿರುಪು ಬಿಚ್ಚಿ ತಮ್ಮ ಹೊಟ್ಟೆ ತೆರೆದರು. ಮೈಕಿನಿಂದ ಹೊರಟ ತಂತಿ ಹಲಗೆಗೆ ಹೋಗಿತ್ತು, ಹಲಗೆಯಿಂದ ಹೊರಟ ತಂತಿ ದೀಪಗಳಿಗೆ ಹೋಗಿತ್ತು. ಕಿವಿಯ ಕಡೆಗೆ ಹೋಗಬೇಕಾದ ತಂತಿ ಎಲ್ಲಿ ಎಂದು ನಾನು ಕೇಳಿದೆ. ಅದು ವಿಡಿಯೊದ ಎರಡನೆಯ ಭಾಗದಲ್ಲಿದೆ ಎಂದರು. ಮೊದಲನೆಯ ಭಾಗದಲ್ಲಿಯೇ ದೀಪಗಳು ಬಹಳ ಚಂದ ಹತ್ತಿದ್ದರಿಂದ ಎರಡನೆಯ ಭಾಗ ನೋಡುವುದು ಉಳಿದುಹೋಯಿತಂತೆ. ತಿರುಪು ಮತ್ತೆ ಬಿಗಿದು ತಮ್ಮನ್ನು ಮಾಡದಲ್ಲಿಟ್ಟರು. ಹಾಗಾದರೆ ಕಿವುಡರಾದ ಮಾವನಿಗೆ ಕಿವಿ ಕೇಳಿಸಲೆಂದು ಹುಟ್ಟಿದ ತಾವು, ಅಷ್ಟೂ ದಿನ ಅವರ ಎರಡು ಕಿವಿಗಳಿಗೆ ಎರಡು ದಿಂಬು ಕಟ್ಟಿ ಕೂತಿದ್ದಿರಿ. ತಮ್ಮ ಕಾರ್ಯದಕ್ಷತೆಗೆ ನನ್ನ ಸಾಷ್ಟಾಂಗ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಮೆಲುದನಿಯನ್ನು ಗುರುತಿಸುವ ತಾವು ಮೆಲುದನಿಯ ಒಳಗಿರುವ ರಸ್ತೆ, ತಂತಿಗಳನ್ನೂ ಗುರುತಿಸಿ, ಆಗ ಒಂದು ಬೇರೆ ಬಣ್ಣ ತೋರಿಸುವ ಕೃಪೆ ಮಾಡಬೇಕು. ಯಾವ ಬಣ್ಣವಾದರೂ ಆದೀತು, ಕೆಂಪೊಂದು ಬೇಡ, ಅದು ನನ್ನದು. ನನ್ನ ಗಂಡ ಮೋಟಾರು ನಾಳೆ ಸಿದ್ಧವಾಗುತ್ತದೆಂದು ಗಿರಾಕಿಗೆ ಹೇಳುವಾಗ ತಾವು ಅವರ ತಲೆಯ ಮೇಲಿದ್ದು ಸ್ವಲ್ಪ ಮಿನುಗಬೇಕು. ರೋಣದ ಮಾರುಕಟ್ಟೆಯಲ್ಲಿ ಕಡಲೆಯ ಸವಾಲು ಕೂಗುವವರು ಹಸಿರಿನಲ್ಲಿಯೇ ಕೂಗುವಂತೆ ಆಜ್ಞೆ ಮಾಡಿ, ಆ ದಿನ ಒಂದು ಚೀಲವಾದರೂ ಮಾರಿ ತೋರಿಸಬೇಕು. ಮುಂದಿನ ಮುಂಗಾರಿಗೆ ಗುಡುಗಿನ ಹತ್ತಿರವೂ ಒಮ್ಮೆ ಮಾತಾಡಿ ನೋಡಿ. ಇಷ್ಟೂ ಆದರೆ, ಆಮೇಲೆ ನಾನು ದನಿ ಇಳಿಸುವ ವಿಚಾರ ಮಾಡುತ್ತೇನೆ.

ತಮ್ಮ ದೃಷ್ಟಿಯಲ್ಲಿ ಎಂದೆಂದಿಗೂ ಕೆಂಪಾಗಿಯೇ ಇರಲು ಬಯಸುವ,
ತಮ್ಮ ವಿಶ್ವಾಸಿ,
ನಿರ್ಮಲಾ ಶಶಿಕಾಂತ,
ಸವಡಿ.

ತಾ.ಕ.: ತಮ್ಮ ತಂದೆಯವರು ನಿನ್ನೆ ವಿಡಿಯೊದ ಎರಡನೆಯ ಭಾಗ ನೋಡಲು ಕೂತಿದ್ದರು. ಅದರಲ್ಲಿ ಗುರುಗಳು ದೀಪಗಳನ್ನು ಇನ್ನೂ ಚಂದ ಮಾಡುವುದು ಹೇಗೆಂದು ತೋರಿಸಿದ್ದಾರಂತೆ. ಕಿವಿಯ ವಿಷಯ ಮೂರನೆಯದಕ್ಕೆ ಹೋಗಿದೆ. ಈ ಪತ್ರ ಬರೆಯುತ್ತಿರುವಾಗ ಮಾವ ಎದುರಿಗೆ ಕೂತು ಕಡಲೆ ಸುಲಿಯುತ್ತಿದ್ದಾರೆ. ಏನು ಬರೆಯುತ್ತೀ ಎಂದು ಕಣ್ಣಿನಲ್ಲೇ ಕೇಳಿದರು. ಹೆಡ್‌ಸೆಟ್ಟಿಗೆ ಪತ್ರ ಬರೆಯುತ್ತಿದ್ದೇನೆಂದು ನನ್ನ ಪೂರ್ತಿ ದನಿಯಲ್ಲಿ ಹೇಳಿದೆ. ಮಾಡದಲ್ಲಿ ತಾವು ಎಂದಿನಂತೆ ಕೆಂಪಾದಿರಿ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ನನ್ನ ಕಡೆಗೆ ನೋಡಿ, ‘ಯಾಕ?’ ಎಂದರು.